ಅವ್ವನ ಬಣ್ಣ

ಕುರುಗೋಡು,
೧೨ ಫೆಬ್ರುವರಿ ೨೦೨೫

ಮುದ್ದಿನ ಅಂಜೂ,

ಬೆನ್ನುನೋವು ಈಗ ಹೇಗಿದೆ? ಬಾಣಂತಿ ನೀನು, ತಣ್ಣೀರಲ್ಲಿ ಕೈಯಿಡಬೇಡ. ಕೂಸು ರಾತ್ರಿ ಮಲಗಲು ಬಿಡುತ್ತದೆಯೇ? ಅವ್ವನ ವರ್ಷದ ಪುಣ್ಯಸ್ಮರಣೆಗೆ ಬರಲಾಗಲಿಲ್ಲವೆಂದು ಪುಣೆಯಲ್ಲಿ ಕುಳಿತು ಕಣ್ಣೀರು ಹಾಕಿದೆಯಂತೆ. ಬಾರದೆ ಇದ್ದದ್ದೇ ಒಳ್ಳೆಯದಾಯಿತು. ಫೋನಿನಲ್ಲಿ ಹೇಳಹೊರಟರೆ ನನ್ನ ಬಾಯಿಂದ ಬೈಗುಳವೇ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಳ್ಳಾರಿಯಿಂದ ಅಣ್ಣ ಸಿದ್ದಲಿಂಗೇಶ್ ಫೋನ್ ಮಾಡಿ, "ಅವ್ವನ ಚಿತ್ರ ನೀನ ಬರಿ. ಸಾಲ್ಯಾಗ ಡ್ರಾಯಿಂಗ್ ಕಲಸಾಕಿ ಮನ್ಯಾಗ ಇದ್ದು, ಹೊರಗಿನೋರಿಗೆ ಯಾಕ ಹೇಳೂದು?" ಎಂದಾಗ ಎಷ್ಟು ಹಿಗ್ಗಿದ್ದೆ ಗೊತ್ತೇ? ಜಲವರ್ಣದಲ್ಲೇ ಬರೆಯಬೇಕೆಂದುಕೊಂಡೆ. ನಮ್ಮ ಬಿಸಿಲಿಗೆ ಕುಂಚ ಎತ್ತುವ ಮೊದಲೇ ಬಣ್ಣ ಒಣಗಿ ಅಂಚು ಕಟ್ಟುತ್ತದೆ; ಕಿಟಕಿಗೆ ಒದ್ದೆ ಸೀರೆ ಇಳಿಬಿಟ್ಟು ಕೂರುತ್ತಿದ್ದೆ. ಅವ್ವನ ಕಪ್ಪು ಬರೀ ಕಪ್ಪಲ್ಲ ಅಂಜೂ. ಕಪ್ಪು ಬಣ್ಣವನ್ನು ನಾನು ಮುಟ್ಟಲೇ ಇಲ್ಲ. ಮೊದಲು ತೆಳ್ಳಗೆ ಹಳದಿ, ಒಣಗಿದ ಮೇಲೆ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಕಡುನೀಲಿ, ಹೀಗೆ ಪದರದ ಮೇಲೆ ಪದರ. ಎರಡು ಹಾಳೆ ಕೆಟ್ಟವು. ಮೂರನೆಯದರಲ್ಲಿ ಕೆನ್ನೆಯೊಳಗಿಂದ ಬಿಸಿ ಎದ್ದುಬಂತು, ಈಗಷ್ಟೇ ಒಲೆ ಬಿಟ್ಟು ಬಂದವಳಂತೆ. ಜಲವರ್ಣದಲ್ಲಿ ಬಿಳಿ ಬಳಿಯುವುದಿಲ್ಲ, ಕಾಗದವನ್ನೇ ಬಿಡುತ್ತೇವೆ. ಹಣೆಯ ವಿಭೂತಿಗೆ ಬರೀ ಹಾಳೆ ಬಿಟ್ಟೆ. ಮುಗಿದ ದಿನ ಚಿತ್ರವನ್ನು ಗೋಡೆಗೆ ಒರಗಿಸಿ ಅದರ ಮುಂದೆಯೇ ಉಂಡೆ, ಮರುದಿನ ಬಳ್ಳಾರಿಗೆ ಕಳಿಸಿಕೊಟ್ಟೆ.

ಪುಣ್ಯಸ್ಮರಣೆಯ ದಿನ ಅಣ್ಣನ ಮನೆಯ ಪಡಸಾಲೆಗೆ ಕಾಲಿಟ್ಟರೆ, ಹಾರದೊಳಗೆ ಯಾರೋ ಬಿಳಿಯ ಹೆಂಗಸು. ನನ್ನದೇ ಹಾಳೆ, ನನ್ನದೇ ಗೆರೆ. ಮುಖದ ಮೇಲೆ ಮಾತ್ರ ದಪ್ಪನೆ ಪೋಸ್ಟರ್ ಬಿಳಿ, ಕೆನ್ನೆಗೆ ಪಿಂಕು, ಕೊರಳಿಗೆ ಅವ್ವ ಜನ್ಮದಲ್ಲಿ ಕಾಣದ ಸರ. ಅಣ್ಣ ಬ್ಯಾನರ್ ಬರೆಯುವವನನ್ನು ಕರೆಸಿ ಮಾಡಿಸಿದ್ದನಂತೆ. ಮಗಳು ಹೇಮಾಳಿಗೆ ಗಂಡು ನೋಡುತ್ತಿದ್ದಾನಲ್ಲ, ಗಂಡಿನ ಕಡೆಯವರೂ ಅಂದು ಬರುವವರಿದ್ದರು. ಕೇಳಿದರೆ ನಗುತ್ತಾನೆ. "ಹೇಮಾನ ಬಣ್ಣ ನೋಡಿ ಅವ್ರು ಮೊದಲ ಮಾರಿ ಗಂಟ್ ಹಾಕ್ಯಾರಲೇ ಶೈಲಾ. ಅಜ್ಜಿನೂ ಕರ್ರಗ ಕಂಡ್ರ ಮನಿತನಾನ ಕರಿ ಅಂತಾರ." ಹೆತ್ತವಳ ಮೈಬಣ್ಣಕ್ಕೆ ಹೇಸುವವನು ಅದೇ ಚಿತ್ರಕ್ಕೆ ಅಡ್ಡಬಿದ್ದು ಕಣ್ಣು ಬೇರೆ ಒರೆಸಿಕೊಂಡ.

ಸಿರುಗುಪ್ಪದಿಂದ ಗುರುಬಸಮ್ಮ ಚಿಕ್ಕವ್ವ ಬಂದಳು. ಹೂ ಹಿಡಿದುಕೊಂಡೇ ನಿಂತು, "ಇದ್ಯಾರ ಪಟ ಶೈಲಾ? ನಮ್ಮಕ್ಕನ್ನ ಎಲ್ಲಿ ಇಟ್ಟೀರಿ?" ಎಂದಳು. ಬೀಗರಾಗುವವರೂ ತಿರುಗಿ ನೋಡಿದರು. ಅತ್ತಿಗೆ, "ನಮ್ಮ ಚಿಕ್ಕತ್ತಿಯವ್ರಿಗೆ ಕಣ್ಣು ಕಾಣಂಗಿಲ್ರಿ" ಎಂದು ನಕ್ಕು ಎಲ್ಲರನ್ನೂ ಊಟಕ್ಕೆ ಎಬ್ಬಿಸಿದಳು. ನಾನು ಪಂಕ್ತಿಗೆ ಹೋಗಲಿಲ್ಲ. ಹಾರ ತೆಗೆದು ಅಣ್ಣನ ಕೈಗೆ ಕೊಟ್ಟೆ, ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಕುರುಗೋಡಿನ ಬಸ್ಸು ಹತ್ತಿದೆ.

ಮನೆಯಲ್ಲಿ ಒದ್ದೆ ಹತ್ತಿಯಿಂದ ಆ ಬಿಳಿಯನ್ನು ಒತ್ತಿ ತೆಗೆಯಲು ನೋಡಿದೆ. ಅದರ ಜೊತೆ ಕೆಳಗಿನ ಪದರಗಳೂ ಎದ್ದವು, ಮುಖವೆಲ್ಲ ರಾಡಿಯಾಯಿತು. ಬಟ್ಟಲಿನಲ್ಲಿ ನಿಂತ ಬೂದು ನೀರನ್ನು ಹಿತ್ತಲಿಗೆ ಚೆಲ್ಲಿದೆ. ಈಗ ಕುಂಚ ಹಿಡಿದರೆ ಆ ಪಿಂಕು ಕೆನ್ನೆಯೇ ಕಣ್ಣಿಗೆ ಕಟ್ಟುತ್ತದೆ. ಮತ್ತೆ ಬರೆಯಬಲ್ಲೆನೋ ಇಲ್ಲವೋ ತಿಳಿಯದು.

ನಿನ್ನ ಯಜಮಾನರಿಗೆ ನಮಸ್ಕಾರ. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು. ಮೂವರೂ ತಣ್ಣಗಿರಿ.

ನಿನ್ನ ಅಕ್ಕ,
ಶೈಲಜಾ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಹೇಮಾ ಬ್ಯಾಗು ಹಿಡಿದು ಬಂದಳು. ಬೆಳ್ಳಗಾಗುವ ಇಂಜೆಕ್ಷನ್ ಕೊಡಿಸಲು ನಾಳೆ ಅಣ್ಣ ಅತ್ತಿಗೆ ಅವಳನ್ನು ಕರೆದೊಯ್ಯುತ್ತಾರಂತೆ. "ನಾ ಚುಚ್ಚಿಸ್ಕೊಳ್ಳಂಗಿಲ್ಲ ಅತ್ತಿ" ಎನ್ನುತ್ತಾಳೆ. ಇಪ್ಪತ್ತೆರಡು ತುಂಬಿದವಳು, ಬೇಡವೆಂದರೆ ಬೇಡ. ಅಣ್ಣ ಮೊದಲು ಹುಡುಕಿ ಬರುವುದು ಇಲ್ಲಿಗೇ. ಆದ್ದರಿಂದ ಗುಂತಕಲ್ಲಿಗೆ ಕರೆದುಕೊಂಡು ಹೋಗಿ ನಿಮ್ಮೂರಿನ ರೈಲು ಹತ್ತಿಸುತ್ತೇನೆ. ನಿನಗೆ ಫೋನ್ ಮಾಡಲಿಲ್ಲ, ಬೇಡವೆನ್ನಲು ನಿನಗೆ ಎಡೆ ಇರಬಾರದೆಂದು. ಈ ಕಾಗದವನ್ನು ಕೊಟ್ಟವಳು ಇನ್ನೂ ಬಾಗಿಲಲ್ಲೇ ನಿಂತಿದ್ದರೆ, ಒಳಗೆ ಕರೆದುಕೋ.