ಮುನ್ಶಿ ಮಂಜಿಲ್‌ನ ಕೊನೆಯ ಕಂತು

3 ಫೆಬ್ರವರಿ 2023, ಶುಕ್ರವಾರ ಸಂಜೆ

ಎಂಟನೆಯ ಕಂತು ಮುಗಿಯಿತು. ಒಲೆಯ ಮೇಲೆ ಬೇಳೆ ಸೀದು ಹೋಗಿದೆ. ನನಗೂ ಗೊತ್ತಾಗಲಿಲ್ಲ, ಆಪಾಗೂ ಗೊತ್ತಾಗಲಿಲ್ಲ. ಬ್ರೆಡ್ಡು ತಿಂದು ಮಲಗಿದರಾಯಿತು!

ಯಾರೋ ಪುಣ್ಯಾತ್ಮ 'ಮುನ್ಶಿ ಮಂಜಿಲ್' ಟಿವಿ ನಾಟಕವನ್ನು ಹಳೇ ಕ್ಯಾಸೆಟ್ಟುಗಳಿಂದ ಎತ್ತಿ, ಶುಕ್ರವಾರಕ್ಕೊಂದು ಕಂತು ಯೂಟ್ಯೂಬಿಗೆ ಹಾಕುತ್ತಿದ್ದಾನೆ. ಅದೇ ನಾಯಕಿ ಸಬೀಹಾ, ಅದೇ ಮರದ ಬಾಗಿಲು. ಆ ಕಾಲದಲ್ಲಿ ಇದು ಶುರುವಾದರೆ ಕರಾಚಿಯ ಬೀದಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ.

ನನ್ನ ಈ ಅಕ್ಕನಿಗೆ, ಆಪಾಗೆ, ಎಪ್ಪತ್ತರ ಹತ್ತಿರ. ಇವತ್ತು ಸೋಫಾದ ತುದಿಯಲ್ಲಿ ಕೂತಿದ್ದಳು, ಹುಡುಗಿಯ ಹಾಗೆ. "ನುಜ್ಹತ್, ಕೊನೆ ಏನಾಗತ್ತೆ ಅಂತ ಬಾಯಿ ಬಿಟ್ಯೋ, ನಾಲಿಗೆ ಕಿತ್ತುಬಿಡ್ತೀನಿ."

ಬಾಯಿ ಬಿಡುತ್ತೇನೆಯೇ? ಇಷ್ಟು ವರ್ಷ ಬಿಟ್ಟಿಲ್ಲ.

10 ಫೆಬ್ರವರಿ, ಶುಕ್ರವಾರ

ಒಂಬತ್ತನೆಯದು. ಸಬೀಹಾಳ ಗಂಡ ದುಬೈಗೆ ಹೋಗಿ ಕಾಗದ ಹಾಕುವುದನ್ನೇ ನಿಲ್ಲಿಸಿದ. ಇನ್ನು ಅವನು ವಾಪಸ್ ಬಂದು ಬಾಗಿಲು ತಟ್ಟಬೇಕು. ತೆರೆಯುತ್ತಾಳೋ ಇಲ್ಲವೋ — ಆಗ ಊರೆಲ್ಲ ಇದೇ ಮಾತಾಗಿತ್ತು.

ಆ ಕೊನೆಯ ಕಂತು ಬಂದದ್ದು ಆಪಾಳ ನಿಕಾಹ್‌ನ ದಿನವೇ! ದಿಬ್ಬಣ ಬಂದು ಕೂತಿದೆ. ಕಾಜಿ ಸಾಹೇಬರೇ ಹೇಳಿಬಿಟ್ಟರು, "ಮೊದಲು ನಾಟಕ ಮುಗೀಲಿ." ಶಾಮಿಯಾನಾದೊಳಗೆ ಟಿವಿ ತಂದಿಟ್ಟರು. ಹೆಣ್ಣಿನ ಕಡೆ, ಗಂಡಿನ ಕಡೆ, ಬಿರಿಯಾನಿ ಭಟ್ಟ — ಎಲ್ಲರೂ ಅದರ ಮುಂದೆ. ಮದುಮಗಳು ಹೊರಗೆ ಬರುವ ಹಾಗಿಲ್ಲ. ಒಳಕೋಣೆಯಲ್ಲಿ ಆಪಾ ಒಬ್ಬಳೇ.

ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹೆಚ್ಚಿನ ಪಾಲು ಇಕ್ರಾಮ್ ಭಾಯಿಯ ಮೇಲೆ. "ನನ್ನನ್ನ ಒಳಗೆ ಕೂರಿಸಿ ನಾಟಕ ನೋಡಿದ ಗಂಡ." ಅವರು ಸಾಯುವತನಕ ಒಂದೇ ಮಾತು — ನಾನೂ ನೋಡಿಲ್ಲ ರಫತ್. ಆಪಾಳದ್ದೂ ಒಂದೇ ಮಾತು — ಸುಳ್ಳ.

3 ಮಾರ್ಚ್, ಶುಕ್ರವಾರ

ಹನ್ನೆರಡನೆಯದು. ಗಂಡ ಬಂದ. ಬಾಗಿಲು ತಟ್ಟಿದ. ಕಂತು ಮುಗಿಯಿತು. ಆಪಾ ನನ್ನ ಮೊಣಕೈ ಹಿಡಿದದ್ದು ಇನ್ನೂ ನೋಯುತ್ತಿದೆ.

ಕೆಳಗೆ ಆ ಪುಣ್ಯಾತ್ಮ ಬರೆದಿದ್ದ: ಕೊನೆಯ, ಹದಿಮೂರನೆಯ ಕಂತು ಎಲ್ಲಿಯೂ ಸಿಕ್ಕಿಲ್ಲ, ಯಾರ ಬಳಿಯಾದರೂ ಇದ್ದರೆ ತಿಳಿಸಿ.

ಆಪಾ ಕನ್ನಡಕ ತೆಗೆದು ಒರೆಸಿದಳು. "ಹೋಗ್ಲಿ ಬಿಡು. ನನ್ನ ಹಣೇಲಿ ಬರ್ದಿಲ್ಲ." ಎದ್ದು ಹೋದಳು. ನಾನೇ ಹೇಳಲೇ ಅಂದರೆ ಬೇಡವಂತೆ. ಕಣ್ಣಾರೆ ನೋಡಬೇಕಂತೆ.

4 ಮಾರ್ಚ್, ಬೆಳಿಗ್ಗೆ

ಇದೆ! ಇದೆ! ಹಲ್ಲುಜ್ಜುವಾಗ ಹೊಳೆಯಿತು. ಮದುವೆಯ ಕ್ಯಾಸೆಟ್ಟು! ನಮ್ಮ ಅಬ್ಬಾ ವಿಡಿಯೋ ಹಿಡಿಯುವ ಮೂವಿವಾಲಾನಿಗೆ ಬೈದದ್ದು ಈಗಲೂ ಕಿವಿಯಲ್ಲಿದೆ — "ದುಡ್ಡು ಕೊಟ್ಟಿದ್ದು ಮಗಳ ಮದ್ವೆ ಹಿಡಿಯೋಕೆ, ಟಿವಿ ಹಿಡಿಯೋಕಲ್ಲ." ಪಾಪ, ಅವನೂ ನಾಟಕದ ಹುಚ್ಚನೇ. ಕ್ಯಾಮೆರಾ ಟಿವಿಯ ಕಡೆ ತಿರುಗಿಸಿ ನಿಂತುಬಿಟ್ಟಿದ್ದ.

ಆಪಾ ಅದನ್ನು ಒಮ್ಮೆಯೂ ನೋಡಿಲ್ಲ. ರಜಾಯಿಗಳ ಟ್ರಂಕಿನ ತಳಕ್ಕೆ ತುರುಕಿದ್ದಳು. ಇವತ್ತೂ ಬೀಗದ ಕೈ ಕೊಡಲು ಒಪ್ಪಲಿಲ್ಲ.

"ಆ ದರಿದ್ರ ಕ್ಯಾಸೆಟ್ಟು ನಂಗೆ ಬೇಡ."

"ಸಬೀಹಾ ಬಾಗಿಲು ತೆಗೀತಾಳೋ ಇಲ್ವೋ ಅದರಲ್ಲಿದೆ, ಆಪಾ."

ಆಪಾಳ ಕೈ ತಾನೇ ಸೊಂಟದ ಗೊಂಚಲಿಗೆ ಹೋಯಿತು.

7 ಮಾರ್ಚ್

ರೀಗಲ್ ಚೌಕದಲ್ಲಿ ಹಳೇ ಕ್ಯಾಸೆಟ್ಟು ಸರಿಮಾಡುವ ಅಂಗಡಿ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ ಅಂದ ಅಲ್ಲಿನ ಹುಡುಗ. "ಖಾಲಾ, ಪ್ರಯತ್ನ ಮಾಡ್ತೀನಿ. ಸಿಕ್ಕಷ್ಟು ಸಿಗತ್ತೆ." ಅಲ್ಲಾಹ್, ಕೊನೆಯ ಹತ್ತು ನಿಮಿಷ ಉಳಿಸಪ್ಪಾ, ಬೇರೇನೂ ಬೇಡ.

11 ಮಾರ್ಚ್, ಶನಿವಾರ ಸಂಜೆ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಬಂತು! ಪಟ್ಟೆಪಟ್ಟೆ, ಮಂಜುಮಂಜು, ಆದರೆ ಬಂತು. ಶಾಮಿಯಾನಾ, ಟಿವಿ, ಟಿವಿಯೊಳಗೆ ಸಬೀಹಾ. ಆಗ ಮೂವಿವಾಲಾನಿಗೆ ತನ್ನ ಕೆಲಸ ನೆನಪಾಯಿತೇನೋ, ಕ್ಯಾಮೆರಾ ಜನರ ಕಡೆ ತಿರುಗಿತು. ಬಾಯಿ ಬಿಟ್ಟು ಕೂತ ಕಾಜಿ ಸಾಹೇಬರು. ನಾನು, ಎರಡು ಜಡೆ. ಆಮೇಲೆ ಮದುಮಗ.

ಇಕ್ರಾಮ್ ಭಾಯಿ ಕುರ್ಚಿಯನ್ನೇ ತಿರುಗಿಸಿಕೊಂಡಿದ್ದಾರೆ. ಟಿವಿಗೆ ಬೆನ್ನು. ಮುಖ ಮುಚ್ಚಿದ ಹೂವಿನ ಸೆಹರಾದೊಳಗೆ ಎರಡೂ ಕೈ ತೂರಿಸಿ, ಕಿವಿಗೆ ಬೆರಳು ಇಟ್ಟುಕೊಂಡಿದ್ದಾರೆ. ಗೆಳೆಯನೊಬ್ಬ ಕೈ ಎಳೆಯುತ್ತಾನೆ. ಅವರು ತಲೆ ಆಡಿಸಿ ಮತ್ತೆ ಬೆರಳು ಇಡುತ್ತಾರೆ.

ಅಷ್ಟು ಜನರಲ್ಲಿ ಅವರೊಬ್ಬರೇ ನೋಡಿರಲಿಲ್ಲ. ನನ್ನ ಕಣ್ಣಿಗೂ ಅವತ್ತು ಬಿದ್ದಿರಲಿಲ್ಲ, ನನ್ನ ಕಣ್ಣು ಟಿವಿಯಲ್ಲಿತ್ತಲ್ಲ.

"ನಿಲ್ಸು" ಅಂದಳು ಆಪಾ. ನಿಲ್ಲಿಸಿದೆ. ಹತ್ತಿರ ಹೋಗಿ ಪರದೆಯ ಮೇಲೆ ಆ ಬೆರಳುಗಳನ್ನು ಮುಟ್ಟಿದಳು. ನಕ್ಕಳು, ಅತ್ತಳು, ಎರಡೂ ಒಟ್ಟಿಗೆ. "ಹುಚ್ಚಪ್ಪ. ಎಷ್ಟು ಸಲ ಸುಳ್ಳ ಅಂದಿದ್ದೆ, ನುಜ್ಹತ್."

"ಮುಂದೆ ಹಾಕ್ಲಾ? ಬಾಗಿಲಿನ ದೃಶ್ಯಕ್ಕೆ ಇನ್ನು ಎರಡೇ ನಿಮಿಷ."

"ಬೇಡ. ಅವರು ನೋಡ್ಲಿಲ್ಲ, ನಾನೂ ನೋಡಲ್ಲ."

ಅಯ್ಯೋ ದೇವರೇ! ಇಷ್ಟೆಲ್ಲ ಮಾಡಿ! ಆದರೆ ಅವಳ ಮುಖ ನೋಡಿ ನನಗೂ ಸಂತೋಷ ತಡೆಯಲಾಗಲಿಲ್ಲ. ಪರದೆಯನ್ನು ಹಾಗೇ ನಿಲ್ಲಿಸಿಕೊಂಡು ಅವರೆದುರು ಚಹಾ ಕುಡಿಯುತ್ತಿದ್ದಾಳೆ.

ಅದೇ ದಿನ, ಇನ್ನೊಂದು ಸ್ವಲ್ಪ

ಆಪಾಳ ಹಠ ಆಪಾಳಿಗೆ. ನನ್ನ ಹೊಟ್ಟೆ ಉಬ್ಬಿ ಒಡೆಯುವುದೊಂದು ಬಾಕಿ. ಯಾರಿಗೂ ಹೇಳುವುದಿಲ್ಲ, ಇಲ್ಲಿ ಬರೆದು ಹಗುರಾಗುತ್ತೇನೆ. ಗಂಡ ಬಾಗಿಲು ತಟ್ಟುತ್ತಾನೆ. ಸಬೀಹಾ ಚಿಲಕದ ಮೇಲೆ ಕೈ ಇಡುತ್ತಾಳೆ. ಆಮೇಲೆ

ಆಪಾ ಇತ್ತಲೇ ಬರುತ್ತಿದ್ದಾಳೆ, ಕನ್ನಡಕ ಹಾಕಿಕೊಂಡು. ಇದನ್ನು ಓದಿಬಿಟ್ಟರೆ —