ನಾಲ್ಕು ನಿಮಿಷದ ನವೀಕರಣ

ಕಲಬುರಗಿ ಒಳಪೇಟೆ,
ಹದಿಮೂರನೆಯ ತಿಂಗಳ ಎರಡನೆಯ ದಿನ, 2231

ಇನ್ನೂರು ವರ್ಷ ಹಿಂದಿನ ವಿನ್ಯಾಸ ಕಚೇರಿಗಳಲ್ಲಿ ಕುಳಿತು ಸಾಫ್ಟ್‌ವೇರ್ ನವೀಕರಿಸುವ ಹಿರಿಯರೇ,

ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಯದಾದ ಮೇಲೆ ನಾವು ಇನ್ನೊಂದು ತಿಂಗಳನ್ನು ಸೇರಿಸಿಕೊಂಡೆವು. ತಾರೀಖಿನಂತೆ ನನ್ನ ಮಾತೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಗುರುಬಸವ್ವ ಎಂಬ ಹೆಂಗಸಿನ ಕೋಣೆಯನ್ನು, ಆಕೆ ಒಳಗಿರುವಾಗಲೇ, ನಾನು ಹೇಗೆ ಅಳಿಸಿದೆ ಎಂದು ತಿಳಿಸಲು ಬರೆಯುತ್ತಿದ್ದೇನೆ.

ನಾವು ನೆಲದ ಕೆಳಗೆ ಬದುಕುತ್ತೇವೆ. ನಮ್ಮ ಗೋಡೆಗಳೆಲ್ಲ ಒಪ್ಪುಮಣ್ಣು. ನಕ್ಷೆ ಹೇಳಿದ್ದನ್ನೆಲ್ಲ ಒಪ್ಪುವುದರಿಂದ ಆ ಹೆಸರು. ನಕ್ಷೆಯಲ್ಲಿ ಬೆಳಿಗ್ಗೆ ಬಾಗಿಲು ಬರೆದರೆ ಸಂಜೆಗೆ ಬಾಗಿಲು ಮೂಡುತ್ತದೆ. ಕೋಣೆಯನ್ನು ಅಳಿಸಿದರೆ ಬಾಗಿಲು ಕೂಡಲೇ ಮುಚ್ಚಿ, ಉಳಿದದ್ದು ಸಂಜೆಯೊಳಗೆ ಕೂಡಿಕೊಳ್ಳುತ್ತದೆ. ಇಡೀ ಊರಿಗೆ ಒಂದೇ ನಕ್ಷೆ, ಅದರ ಮೇಲೆ ನಮ್ಮ ನಕ್ಷೆ ಕಚೇರಿಯ ಅರವತ್ತು ಜನರ ಕೈ. ಸಾಫ್ಟ್‌ವೇರ್ ನವೀಕರಿಸುವಾಗ ನಕ್ಷೆ ನಿಲ್ಲುತ್ತದೆ, ನಕ್ಷೆಯೇ ನಡೆಸುವ ಗಾಳಿಯೂ ಜೊತೆಗೆ ನಿಲ್ಲುತ್ತದೆ. ಹಿಂದಿನ ಸಲ ಹತ್ತೊಂಬತ್ತು ನಿಮಿಷ ಹಿಡಿದು ತೊಟ್ಟಿಲ ಕೂಸುಗಳ ತುಟಿಗಳು ನೀಲಿಯಾಗಿದ್ದವು.

ಹೊತ್ತು ಉಳಿಸುವ ಬಗೆ ನಿಮ್ಮ ಕಾಲದ ಒಂದು ಪಟ್ಟಿಯಲ್ಲಿತ್ತು: ಎಲ್ಲರೂ ಕೆಲಸ ಉಳಿಸಿ ಹೊರಬನ್ನಿ, ಒಂದು ಪ್ರತಿ ತೆಗೆದಿಡಿ, ಬಳಕೆಯಲ್ಲಿಲ್ಲದ್ದನ್ನು ಅಳಿಸಿ ಹಗುರ ಮಾಡಿ. ನಾವು ಅದನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿರುತ್ತೇವೆ. ಮೂರು ವರ್ಷ ನಕ್ಷೆಯಲ್ಲಿ ಯಾರೂ ತೆರೆಯದ ಕೋಣೆ ಬಳಕೆಯಲ್ಲಿಲ್ಲದ್ದು. ದೂರು ಬಂದರೆ ಮಾತ್ರ ನಾವು ಕೋಣೆಯನ್ನು ನಕ್ಷೆಯಲ್ಲಿ ತೆರೆಯುತ್ತೇವೆ.

ಗುರುಬಸವ್ವ ನಮ್ಮ ಕಚೇರಿಗೆ ದಿನವೂ ರೊಟ್ಟಿ ಬಡಿದು ತರುತ್ತಿದ್ದಳು. ಆಕೆಯ ಕೋಣೆಯ ಚಾವಣಿ ತಲೆಗೆ ತಾಗುತ್ತದೆಂದು ಗೊತ್ತಾಗಿ, ದೂರು ಕೊಡು, ಎತ್ತರಿಸೋಣ ಎಂದಿದ್ದೆ. "ನನಗ ಇನ್ನ ಮ್ಯಾಲ ಹೋಗೂದೊಂದೇ ಬಾಕಿ ಅದ, ಮಾಳಿಗಿ ಎತ್ತರ ಮಾಡಿಸಿ ಏನ್ ಮಾಡ್ಲಿ ಯವ್ವಾ? ಬಾಜೂ ಮನಿ ಚನ್ನಪ್ಪ ದಿನಾ ದೂರ್ ಕೊಡ್ತಾನ, ಮೊದಲ ಅವನ್ದು ಮಾಡ್ರಿ," ಎಂದು ನಕ್ಕಿದ್ದಳು.

ನವೀಕರಣದ ಬೆಳಿಗ್ಗೆ ಅಳಿಸುವ ಪಟ್ಟಿಯಲ್ಲಿ ಇನ್ನೂರ ಹನ್ನೆರಡು ಕೋಣೆಗಳಿದ್ದವು, ಬರೀ ಸಂಖ್ಯೆಗಳು. ಒಮ್ಮೆ ಹೋಗಿ ನೋಡಿ ಬರೋಣವೇ ಎಂದು ಮುಖ್ಯಸ್ಥ ಶರಣಗೌಡರನ್ನು ಕೇಳಿದೆ. "ಇಷ್ಟೂ ಬಾಗಲಾ ತಟ್ಟಕೋತ ಹ್ವಾದ್ರ ಮುಂದಿನ ತಿಂಗಳೇ ಆಗ್ತದ ಮೇಡಂ. ಯಾರರ ಇದ್ರ ಮೂರು ವರ್ಷದಾಗ ಒಮ್ಮಿಯಾದ್ರೂ ಒದರ್ತಿದ್ದಿಲ್ಲೇನು?" ಎಂದರು. ಮಾತು ಸರಿಯೆನಿಸಿತು. ಗುಂಡಿ ಒತ್ತಿದೆ. ನಾಲ್ಕೇ ನಿಮಿಷ. ಯಾವ ಕೂಸೂ ನೀಲಿಯಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ರೊಟ್ಟಿ ಬರಲಿಲ್ಲ. "ಮುದುಕಿ ಇವತ್ತ ಚಕ್ಕರ್ ಹೊಡದಾಳ," ಎಂದು ಯಾರೋ ನಕ್ಕರು. ಆಕೆ ಎಂದೂ ದೂರು ಕೊಟ್ಟವಳಲ್ಲ ಎಂದು ನೆನಪಾಗಿ ನಾನು ಆಕೆಯ ಕೋಣೆಗೆ ಓಡಿದೆ. ಬಾಗಿಲಿದ್ದ ಕಡೆ ನುಣ್ಣನೆಯ ಗೋಡೆ, ಅದರ ಒಳಗಿಂದ ಬಡಿತ. ನೆರೆಯವರೂ ನಾನೂ ಸಲಿಕೆ ಹಿಡಿದು ಅಗೆದೆವು. ಅಗೆದಷ್ಟೂ ಮಣ್ಣು ಕೂಡಿಕೊಂಡಿತು. ಹಳೆಯ ಪ್ರತಿಗೆ ಮರಳಲು ಊರನ್ನು ಮತ್ತೆ ಹತ್ತೊಂಬತ್ತು ನಿಮಿಷ ನಿಲ್ಲಿಸಬೇಕಿತ್ತು. "ಒಂದ್ ಖೋಲಿ ಸಲುವಾಗಿ ಊರ ಉಸಿರು ಹಿಡೀತೀರೇನು?" ಎಂದರು ಶರಣಗೌಡರು. ನನ್ನ ಮಗಳ ಕೂಸೂ ಆ ಊರಿನಲ್ಲೇ ಇತ್ತು. ನಾನು ಹೊಸ ನಕ್ಷೆಯಲ್ಲಿ ಬಾಗಿಲೊಂದನ್ನು ಬರೆದು ಕಾದೆ. ಆ ಬಡಿತ ಆಕೆ ಕೊಟ್ಟ ಮೊದಲ ದೂರು; ಬರೆದುಕೊಳ್ಳಲು ಕೋಣೆಯ ಸಂಖ್ಯೆ ಇರಲಿಲ್ಲ. ಇಳಿಹೊತ್ತಿಗೆ ಅದು ನಿಂತಿತು. ಸಂಜೆ ಬಾಗಿಲು ಮೂಡಿತು. ತೆರೆದರೆ ಮಣ್ಣು.

ಆ ದಿನ ಎಷ್ಟು ಗೋಡೆಗಳ ಹಿಂದೆ ಹೀಗೆ ಬಡಿದರೋ ತಿಳಿಯದು. ದೂರು ಯಾವುದೂ ಬರಲಿಲ್ಲ.

ನಾಳೆ ಮತ್ತೆ ನವೀಕರಣ. ಗುರಿ ಎರಡು ನಿಮಿಷ. ಅಳಿಸುವ ಪಟ್ಟಿ ನನ್ನ ಮೇಜಿನ ಮೇಲಿದೆ, ನೋಡಿ ಬರಲು ನಾನು ಎದ್ದು ಹೋಗಿಲ್ಲ. ನಿಮ್ಮ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ ಎಂದು ಬೇಡುತ್ತೇನೆ: ಅಳಿಸುವ ಮುನ್ನ ಹೋಗಿ ಬಾಗಿಲು ತಟ್ಟಿ. ನೀವು ಬರೆದದ್ದನ್ನು ನಾವು ಅಕ್ಷರ ತಪ್ಪದೆ ಪಾಲಿಸುತ್ತೇವೆ. ಬರೆಯದೆ ಬಿಟ್ಟದ್ದನ್ನು ನಾವಾಗಿ ಮಾಡುವಷ್ಟು ಒಳ್ಳೆಯವರಲ್ಲ.

ಇತಿ,
ಮಹಾನಂದಾ
ನಕ್ಷೆ ಕಚೇರಿ, ನವೀಕರಣ ವಿಭಾಗ