ಜಗಲಿಗೆ ಸಾರಿಸಿದ ಸಗಣಿ

ಮಾದೇವಿಯ ಅಪ್ಪನಿಗೆ,

ಗಂಜಿ, ಬಂಗಡೆ ಸಾರು ಮುಚ್ಚಿಟ್ಟಿದ್ದೇನೆ.

ಕುನ್ನಿ ಮತ್ತೆ ಜಗಲಿಯಲ್ಲೇ ಉಚ್ಚೆ ಹೊಯ್ದಿದೆ. ಹೊಡೆಯಬೇಡಿ. ಗೊಬ್ಬರಗುಂಡಿಯ ಹತ್ತಿರ ಹೊಯ್ಯಲು ಅದಕ್ಕೆ ಕಲಿಸಿದವರು ನೀವು. ಒಳಗೆ ಹೊಯ್ದಾಗಲೆಲ್ಲ ಮೈಲಿಗೆಯೆಂದು ಅದೇ ಜಾಗಕ್ಕೆ ಸಗಣಿ ಸಾರಿಸಿದವರು ಅತ್ತೆ. ಎರಡು ಕಡೆಯೂ ಒಂದೇ ವಾಸನೆಯಾದರೆ ಆ ಪಾಪದ ಪ್ರಾಣಿಗೆ ಎಂತ ತಿಳಿಯಬೇಕು? ಇವತ್ತು ಸಗಣಿ ಮುಟ್ಟದೆ ಬರೀ ಬೂದಿ ಹಾಕಿ ತಿಕ್ಕಿ ತೊಳೆದಿದ್ದೇನೆ. ಅತ್ತೆಗೂ ಹೇಳಿ.

ನಿನ್ನೆ ಅದಕ್ಕೆ ಹೊಡೆಯುವಾಗ ತಡೆಯಲು ಬಂದ ನನಗೂ ಅದೇ ಕೋಲಿನಲ್ಲಿ ಬಾರಿಸಿದಿರಿ. ಮಾದೇವಿ ನೋಡುತ್ತಾ ನಿಂತಿದ್ದಳು. ಅವಳನ್ನು ಕರಕೊಂಡು ಮಂಕಿ ಊರಿನ ನನ್ನ ತವರಿಗೆ ಹೊರಟಿದ್ದೇನೆ, ಬಸ್ಸಿಗೆ ಹೊತ್ತಾತು.

ಕುನ್ನಿಗೆ ಹೊಸಿಲು ದಾಟುವುದನ್ನು ಮೆಲ್ಲಗೆ ಕಲಿಸಿ. ನಾನು ಕಲಿತಾತು.